ಅರಿವಿಗೆ ಬೆಲೆಯಿಲ್ಲ, ಹಂಚಲು ಖರ್ಚುಂಟು



ಬೇಸಾಯದ ತಿಳಿವಳಿಕೆಯನ್ನು ರೈತರು ತಾವೇ ಕೂಡಿ ಹಂಚಿಕೊಳ್ಳಬೇಕೆಂಬ ಮಾತು ಶಿವಮೊಗ್ಗ, ಭದ್ರಾವತಿ ಸುತ್ತಿನ ಹಳ್ಳಿಗಳಲ್ಲಿ ಆಗಾಗ ಕೇಳಿಬರುತ್ತದೆ. ಒಬ್ಬರ ಗದ್ದೆಯಲ್ಲಿ ಕಂಡ ರೋಗ ಇನ್ನೊಬ್ಬರಿಗೆ ತಿಳಿಯಬೇಕು. ಒಬ್ಬರು ಕಂಡುಕೊಂಡ ಉಪಾಯ ಊರಿಗೆಲ್ಲ ಉಪಯೋಗವಾಗಬೇಕು. ಇದಕ್ಕಾಗಿ ಊರೂರಿಗೆ ಒಂದು ರೈತ ಬಳಗ ಇದ್ದರೆ ಚೆನ್ನ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಮಾತು ಮುಂದುವರಿದು ಹಣದ ಪ್ರಶ್ನೆ ಬಂದ ಕೂಡಲೆ ಸಭೆ ಮೌನವಾಗುತ್ತದೆ. ಹಣ ಕೊಟ್ಟವರಿಗೆ ಮಾತ್ರ ತಿಳಿಸಬೇಕೇ? ಎಲ್ಲರಿಗೂ ತಿಳಿಸುವುದಾದರೆ ಖರ್ಚು ಹೊರುವವರು ಯಾರು? ಈ ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ತಿಳಿವಳಿಕೆ ಅಡಿಕೆ ಮೂಟೆಯಂತಲ್ಲ

ನಿಮ್ಮ ಮನೆಯಲ್ಲಿ ಒಂದು ಮೂಟೆ ಅಡಿಕೆ ಇದೆ ಎನ್ನಿ. ಅದರಲ್ಲಿ ಅರ್ಧವನ್ನು ನೆರೆಯವರಿಗೆ ಕೊಟ್ಟರೆ ನಿಮಗೆ ಉಳಿಯುವುದು ಅರ್ಧ ಮೂಟೆ. ಆದರೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವ ಕ್ರಮವನ್ನು ನೆರೆಯವರಿಗೆ ಹೇಳಿಕೊಟ್ಟರೆ ನಿಮ್ಮಲ್ಲಿರುವ ತಿಳಿವಳಿಕೆ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಶೇಕಡ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಬೇಕು. ಎರಡನ್ನೂ ಬೇರೆ ಬೇರೆ ನೀರಿನಲ್ಲಿ ಕದಡಿ, ಆಮೇಲೆ ಕೂಡಿಸಬೇಕು. ಶುಚಿಯಾದ ಕಬ್ಬಿಣದ ಚಾಕುವನ್ನು ಅದ್ದಿ ನೋಡಿದಾಗ ಅದರ ಮೇಲೆ ತಾಮ್ರದ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು ಎಂದು ಅರ್ಥ. ಈ ನಾಲ್ಕು ಮಾತುಗಳನ್ನು ನೂರು ಜನರಿಗೆ ಹೇಳಿದರೂ ಹೇಳಿದವರಿಗೆ ನಷ್ಟವಿಲ್ಲ.

ಆದುದರಿಂದಲೇ ತಿಳಿವಳಿಕೆಯನ್ನು ಮಾರುವ ಪದಾರ್ಥದಂತೆ ನೋಡಬಾರದು. ಆದರೂ ಒಂದು ಮಾತು ನೆನಪಿರಲಿ. ತಿಳಿವಳಿಕೆಗೆ ಬೆಲೆಯಿಲ್ಲದಿದ್ದರೂ ಅದನ್ನು ಊರಿಂದ ಊರಿಗೆ, ಮನೆಯಿಂದ ಮನೆಗೆ ತಲುಪಿಸಲು ಖರ್ಚು ತಗಲುತ್ತದೆ. ಕಾಗದ, ಮುದ್ರಣ, ಬಸ್ಸಿನ ಟಿಕೇಟು, ದೂರವಾಣಿ, ಪರಿಣತರು ಬಂದ ದಿನದ ಊಟ, ಇವಾವುವೂ ಪುಕ್ಕಟೆ ಸಿಗುವುದಿಲ್ಲ. ಬಾವಿಯ ನೀರಿಗೆ ಬೆಲೆಯಿಲ್ಲ. ಹಗ್ಗ ಮತ್ತು ಕೊಡಕ್ಕೆ ಬೆಲೆಯುಂಟು. ಬಳಗದ ವಂತಿಗೆ ಎಂದರೆ ಹಗ್ಗ ಮತ್ತು ಕೊಡದ ಖರ್ಚು ಎಂದು ತಿಳಿಯಿರಿ.

2018ರ ಪಾಠ

ಕೊಟ್ಟವರಿಗೆ ಮಾತ್ರ ತಿಳಿಸಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ಮೆಕ್ಕೆಜೋಳವನ್ನು ತಿನ್ನುವ ಫಾಲ್ ಸೈನಿಕ ಹುಳು ಅಮೆರಿಕ ಖಂಡದ ಕೀಟ. 2016ರಲ್ಲಿ ಅದು ಆಫ್ರಿಕದಲ್ಲಿ ಕಾಣಿಸಿಕೊಂಡಿತು. ಭಾರತದಲ್ಲಿ ಅದನ್ನು ಮೊಟ್ಟಮೊದಲು ಗುರುತಿಸಿದ್ದು 2018ರ ಮೇ ತಿಂಗಳಲ್ಲಿ, ನಮ್ಮ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ. ಗುರುತಿಸಿದವರು ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ವಿಜ್ಞಾನಿಗಳು. ಈ ವಿಶ್ವವಿದ್ಯಾಲಯ ಈಗ ಕೆಳದಿ ಶಿವಪ್ಪ ನಾಯಕರ ಹೆಸರನ್ನು ಹೊತ್ತಿದೆ.

ಈ ಹುಳುವಿನ ಗುರುತು ಸುಲಭ. ತಲೆಯ ಮೇಲೆ ತಲೆಕೆಳಗಾದ ಕವಣೆಯ ಕವಲಿನಂತೆ ಬಿಳಿ ಗೆರೆ ಇರುತ್ತದೆ. ಬಾಲದ ಹತ್ತಿರ ನಾಲ್ಕು ಕಪ್ಪು ಚುಕ್ಕೆಗಳು ಚೌಕಾಕಾರವಾಗಿ ಕೂತಿರುತ್ತವೆ. ಹೆಣ್ಣು ಪತಂಗ ತನ್ನ ಜೀವಮಾನದಲ್ಲಿ ಸಾವಿರಕ್ಕೂ ಮೇಲ್ಪಟ್ಟು ಮೊಟ್ಟೆಗಳನ್ನು ಗುಂಪು ಗುಂಪಾಗಿ ಎಲೆಯ ಮೇಲೆ ಇಡುತ್ತದೆ. ಮೊಟ್ಟೆ ಒಡೆಯಲು ಎರಡು ಮೂರು ದಿನ ಸಾಕು. ಮರಿಹುಳುಗಳು ಮೊದಲು ಎಲೆಯ ಹಸಿರನ್ನು ಕೆರೆದು ತಿನ್ನುತ್ತವೆ. ಬಲಿತ ಮೇಲೆ ಸುಳಿಯೊಳಗೆ ಸೇರಿಕೊಳ್ಳುತ್ತವೆ. ಸುಳಿಯೊಳಗೆ ಸೇರಿದ ಹುಳಕ್ಕೆ ಔಷಧಿ ತಗಲುವುದು ಕಷ್ಟ. ಮೊಟ್ಟೆಯ ಗುಂಪನ್ನು ಕಂಡೊಡನೆ ಕೈಯಿಂದ ಹೊಸಕಿಹಾಕಿದರೆ, ಮರಿಗಳಿರುವಾಗಲೇ ಶೇಕಡ 5ರ ಬೇವಿನ ಬೀಜದ ಕಷಾಯ ಸಿಂಪಡಿಸಿದರೆ ಖರ್ಚು ಕಡಿಮೆ, ಫಲ ಹೆಚ್ಚು. ಅಂದರೆ ಮಾತು ತಲುಪಬೇಕಾದುದು ತಿಂಗಳ ಮೇಲಲ್ಲ, ಎರಡು ಮೂರು ದಿನಗಳಲ್ಲಿ.

ಈಗ ಯೋಚಿಸಿರಿ. ಈ ಪತಂಗ ಒಂದೇ ರಾತ್ರಿಯಲ್ಲಿ ಸುಮಾರು 100 ಕಿಲೋಮೀಟರ್ ಹಾರಬಲ್ಲದು. ಶಿವಮೊಗ್ಗದಿಂದ ಭದ್ರಾವತಿಗೆ ಇರುವ ದೂರ ಸುಮಾರು 20 ಕಿಲೋಮೀಟರ್. ಊರಿನಲ್ಲಿ ಐವತ್ತು ಜನ ವಂತಿಗೆ ಕೊಟ್ಟು ತಿಳಿದುಕೊಂಡರು, ಉಳಿದವರಿಗೆ ತಿಳಿಸಲಿಲ್ಲ ಎಂದುಕೊಳ್ಳಿ. ತಿಳಿಯದವರ ಹೊಲದಲ್ಲಿ ಹುಳು ಬೆಳೆದು ಪತಂಗವಾಗುತ್ತದೆ. ಅದು ಹಾರಿ ಬಂದು ಮೊಟ್ಟೆ ಇಡುವುದು ವಂತಿಗೆ ಕೊಟ್ಟವರ ಹೊಲದಲ್ಲಿಯೇ. ಪತಂಗ ಯಾರ ಬಳಿಯೂ ರಸೀದಿ ಕೇಳುವುದಿಲ್ಲ.

ಅಡಿಕೆ ತೋಟದ ಮಾತೂ ಇದೇ. ಈಚಿನ ವರ್ಷಗಳಲ್ಲಿ ಮಲೆನಾಡಿನ ತೋಟಗಳನ್ನು ಕಾಡುತ್ತಿರುವ ಎಲೆಚುಕ್ಕೆ ರೋಗದ ಬೀಜಾಣುಗಳು ಗಾಳಿಯಲ್ಲಿ, ಮಳೆಹನಿಯಲ್ಲಿ ಹರಡುತ್ತವೆ. ಒಂದು ತೋಟದವರು ರೋಗ ಬಿದ್ದ ಸೋಗೆಯನ್ನು ಕಡಿದು ಸುಟ್ಟು, ಪಕ್ಕದ ತೋಟದವರು ಹಾಗೆಯೇ ಬಿಟ್ಟರೆ ಮಾಡಿದ ಕೆಲಸ ಅರ್ಧ ವ್ಯರ್ಥ. ನೆರೆಯವರಿಗೆ ತಿಳಿಸುವುದು ಬರಿಯ ಧರ್ಮವಲ್ಲ. ನಮ್ಮ ಬೆಳೆಗೆ ನಾವೇ ಹಾಕಿಕೊಳ್ಳುವ ಬೇಲಿ. ಬೇಲಿಯಲ್ಲಿ ಒಂದು ಕಡೆ ಕಂಡಿ ಬಿಟ್ಟು ಉಳಿದ ಕಡೆ ಎಷ್ಟು ಗಟ್ಟಿ ಮಾಡಿದರೂ ದನ ಒಳಗೆ ಬರುವುದು ತಪ್ಪುವುದಿಲ್ಲ.

ಹಣ ಬರುವ ನಾಲ್ಕು ದಾರಿಗಳು

ತಿಳಿವಳಿಕೆ ಹಂಚುವ ಕೆಲಸಕ್ಕೆ ಹಣ ಬರುವ ದಾರಿಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು ಸರಕಾರದ ಹಣ. 1965ರಲ್ಲಿ ಭದ್ರಾವತಿಯಲ್ಲಿ ಆಕಾಶವಾಣಿ ಕೇಂದ್ರ ಪ್ರಾರಂಭವಾಯಿತು. ಅಲ್ಲಿಂದ ಬರುವ ಬೇಸಾಯದ ಮಾತುಗಳನ್ನು ಕೇಳಲು ಯಾರೂ ಹಣ ಕೊಡಬೇಕಾಗಿಲ್ಲ. ಅದೇ 1965ರಲ್ಲಿ ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳ ಕಾನೂನು ಬಂತು. ಆಸ್ತಿ ತೆರಿಗೆಯ ಜೊತೆಗೆ ಕಟ್ಟುವ ಗ್ರಂಥಾಲಯ ಕರದಿಂದ ಪುಸ್ತಕ ಭಂಡಾರಗಳು ನಡೆಯುತ್ತವೆ. ವಿಶ್ವವಿದ್ಯಾಲಯ, ಕೃಷಿ ವಿಜ್ಞಾನ ಕೇಂದ್ರ, ರೈತ ಸಂಪರ್ಕ ಕೇಂದ್ರ, ಕಿಸಾನ್ ಕಾಲ್ ಸೆಂಟರ್ ಇವೆಲ್ಲ ಇದೇ ದಾರಿಯವು. ಇವನ್ನು ನಾವು ಪೂರ್ಣವಾಗಿ ಉಪಯೋಗಿಸಿಕೊಳ್ಳಬೇಕು. ಆದರೆ ಸರಕಾರದ ಮಾತು ಇಡೀ ಜಿಲ್ಲೆಗೆ ಹೇಳುವ ಮಾತು. ನಿಮ್ಮ ಊರಿನ ಕೆರೆ ಹಿಂದಿನ ಗದ್ದೆಯಲ್ಲಿ ಈ ವಾರ ಏನಾಗಿದೆ ಎಂಬುದನ್ನು ಊರಿನವರೇ ಹೇಳಬೇಕು.

ಎರಡನೆಯದು ವ್ಯಾಪಾರಿಗಳ ಹಣ. ಬೀಜ, ಗೊಬ್ಬರ, ಔಷಧಿ ಮಾರುವವರು ಸಭೆ ನಡೆಸಲು, ಹಾಳೆ ಅಚ್ಚು ಹಾಕಿಸಲು ಸಂತೋಷದಿಂದ ಹಣ ಕೊಡುತ್ತಾರೆ. ಅದರಲ್ಲಿ ಕೆಡುಕೆಲ್ಲವೂ ಇಲ್ಲ. ಆದರೆ ಕಾಸು ಕೊಟ್ಟವರು ತಮ್ಮ ಮಾಲಿನ ಮಾತನ್ನೇ ಮುಂದಿಡುವುದು ಸಹಜ. “ಈ ಸಾರಿ ಸಿಂಪಡಣೆ ಬೇಡ, ಇನ್ನೊಂದು ವಾರ ಕಾದು ನೋಡಿ” ಎಂಬ ಸಲಹೆಯನ್ನು ಔಷಧಿ ಮಾರುವವರಿಂದ ನಿರೀಕ್ಷಿಸುವಂತಿಲ್ಲ. ರೈತನಿಗೆ ಅನೇಕ ವೇಳೆ ಬೇಕಾದುದು ಆ ಸಲಹೆಯೇ.

ಮೂರನೆಯದು ಕಡ್ಡಾಯ ಶುಲ್ಕ. ಇದರಲ್ಲಿ ಲೆಕ್ಕ ಸುಲಭ. ಆದರೆ ಬಾಗಿಲಲ್ಲಿ ಶುಲ್ಕ ಇಟ್ಟ ಕೂಡಲೆ ಹೊರಗೆ ನಿಲ್ಲುವವರು ಯಾರು? ಅರ್ಧ ಎಕರೆಯ ಗೇಣಿ ಮಾಡುವವರು, ಕೂಲಿಗೆ ಹೋಗುವ ಹೆಣ್ಣುಮಕ್ಕಳು, ಆ ವರ್ಷ ಬೆಳೆ ಕಳೆದುಕೊಂಡವರು. ತಿಳಿವಳಿಕೆಯ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿರುವುದು ಇವರಿಗೇ. ಕಳೆ ಕೀಳುವಾಗ ರೋಗವನ್ನು ಮೊದಲು ಕಾಣುವುದು ಸಹ ಹೆಣ್ಣುಮಕ್ಕಳ ಕಣ್ಣೇ. ಅವರನ್ನು ಹೊರಗಿಟ್ಟರೆ ಬಳಗಕ್ಕೆ ಸುದ್ದಿ ಬರುವ ದಾರಿಯೂ ಮುಚ್ಚುತ್ತದೆ.

ನಾಲ್ಕನೆಯದು ಮನಸ್ಸಿದ್ದವರು, ಶಕ್ತಿಯಿದ್ದವರು ಇಚ್ಛೆಯಿಂದ ಕೊಡುವ ವಂತಿಗೆ. ತಿಳಿವಳಿಕೆ ಎಲ್ಲರಿಗೂ, ಖರ್ಚು ಕೆಲವರಿಂದ. ಇದು ನಡೆಯುವ ಮಾತೇ ಎಂದು ಅನುಮಾನ ಬರಬಹುದು. ನಡೆದ ಉದಾಹರಣೆಗಳನ್ನು ನೋಡೋಣ.

ನಡೆದ ಉದಾಹರಣೆಗಳು

ಶಿವಮೊಗ್ಗ ನಗರದ ಕರ್ನಾಟಕ ಸಂಘ ಸ್ಥಾಪನೆಯಾದುದು 1930ರಲ್ಲಿ. ಸಾಹಿತ್ಯದ ಉಪನ್ಯಾಸ, ಗೋಷ್ಠಿ, ಪುಸ್ತಕ ಬಹುಮಾನ ಮುಂತಾದ ಕೆಲಸಗಳನ್ನು ಅದು ತಲೆಮಾರುಗಳಿಂದ ನಡೆಸಿಕೊಂಡು ಬಂದಿದೆ. ಅದರ ಭವನಕ್ಕೆ ಹಸೂಡಿ ವೆಂಕಟಶಾಸ್ತ್ರಿಗಳ ಹೆಸರಿದೆ. ಊರಿನ ಸದಸ್ಯರೂ ದಾನಿಗಳೂ ಬೆನ್ನಿಗೆ ನಿಂತರೆ ಅರಿವಿನ ಕೆಲಸವೊಂದು ಎಷ್ಟು ಕಾಲ ಬಾಳಬಹುದು ಎಂಬುದಕ್ಕೆ ಈ ಸಂಘ ಸಾಕ್ಷಿ.

ದಕ್ಷಿಣ ಕನ್ನಡದ ಪುತ್ತೂರಿನಿಂದ 1988ರಲ್ಲಿ “ಅಡಿಕೆ ಪತ್ರಿಕೆ” ಎಂಬ ಮಾಸಪತ್ರಿಕೆ ಹೊರಟಿತು. ರೈತರ ಕೈಗೇ ಲೇಖನಿ ಕೊಡಬೇಕೆಂಬುದು ಅದರ ಉದ್ದೇಶ. ಶ್ರೀಪಡ್ರೆಯವರು ಅದನ್ನು ರೂಪಿಸಿದವರಲ್ಲಿ ಪ್ರಮುಖರು. ಇದಕ್ಕೆ ಚಂದಾ ಉಂಟು. ಆದರೆ ಚಂದಾ ಕೊಟ್ಟು ತರಿಸಿದ ಒಂದು ಪ್ರತಿಯನ್ನು ಜಗಲಿಯ ಮೇಲೆ ಇಟ್ಟರೆ ನೆರೆಕರೆಯವರು ಓದುವುದನ್ನು ಯಾರೂ ತಡೆಯುವುದಿಲ್ಲ.

ಹಿಂದಿನ ರೇಡಿಯೊ ಕಾಲವನ್ನು ಹಿರಿಯರು ನೆನಪು ಮಾಡಿಕೊಳ್ಳಬಹುದು. ಆಗ ರೇಡಿಯೊ ಇಟ್ಟುಕೊಂಡವರು ಅಂಚೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಲೈಸೆನ್ಸಿನ ಹಣ ಕಟ್ಟಬೇಕಾಗಿತ್ತು. 1980ರ ದಶಕದಲ್ಲಿ ಆ ಪದ್ಧತಿ ನಿಂತಿತು. ಹಣ ಕಟ್ಟಿದವರು ಒಬ್ಬರೇ ಆದರೂ ಸಂಜೆ ಅವರ ಜಗಲಿಯಲ್ಲಿ ಕೂತು ಕೇಳುವವರು ಹತ್ತು ಜನ. ಹತ್ತು ಜನ ಕೇಳಿದರೆಂದು ರೇಡಿಯೊದ ದನಿ ಸವೆಯಲಿಲ್ಲ.

ಇನ್ನು ಲೋಕದ ಮಾತು. 2001ರಲ್ಲಿ ಪ್ರಾರಂಭವಾದ ವಿಕಿಪೀಡಿಯ ಎಂಬ ವಿಶ್ವಕೋಶವನ್ನು ಯಾರು ಬೇಕಾದರೂ ಪುಕ್ಕಟೆ ಓದಬಹುದು. 2003ರಿಂದ ಅದು ಕನ್ನಡದಲ್ಲಿಯೂ ಇದೆ. ಬರೆಯುವವರು ಸಂಬಳವಿಲ್ಲದೆ ಬರೆಯುತ್ತಾರೆ. ಅದರಲ್ಲಿ ಜಾಹೀರಾತಿಲ್ಲ. ನಡೆಸುವ ಖರ್ಚಿನ ದೊಡ್ಡ ಪಾಲು ಓದುಗರು ಇಚ್ಛೆಯಿಂದ ಕೊಡುವ ಸಣ್ಣ ಸಣ್ಣ ಮೊತ್ತಗಳಿಂದ ಬರುತ್ತದೆ. ಗಮನಿಸಬೇಕಾದ ಸಂಗತಿ ಇಷ್ಟು: ಓದುವವರಲ್ಲಿ ಹಣ ಕೊಡುವವರು ಬಹಳ ಕಡಿಮೆ, ಆದರೂ ಕೆಲಸ ನಿಂತಿಲ್ಲ. ಎಲ್ಲರೂ ಕೊಟ್ಟರೆ ಮಾತ್ರ ನಡೆಯುತ್ತದೆ ಎಂಬ ಭಯಕ್ಕೆ ಕಾರಣವಿಲ್ಲ.

ಒಂದು ಹಳ್ಳಿಯ ಲೆಕ್ಕ

ಈಗ ನಮ್ಮ ಹಳ್ಳಿಗೆ ಬರೋಣ. ಇದು ತಿಳಿವಳಿಕೆಗಾಗಿ ಹಾಕಿದ ಉದಾಹರಣೆಯ ಲೆಕ್ಕ. ನಿಮ್ಮ ಊರಿನ ದರಗಳನ್ನು ನೀವೇ ಹಾಕಿ ನೋಡಿಕೊಳ್ಳಿ.

150 ಮನೆಗಳ ಒಂದು ಹಳ್ಳಿ ಎನ್ನೋಣ. ತಿಂಗಳಿಗೊಂದು ಹಾಳೆ, ಮನೆಗೊಂದು ಪ್ರತಿ. ಪ್ರತಿಗೆ 3 ರೂಪಾಯಿಯಂತೆ ತಿಂಗಳಿಗೆ 450 ರೂಪಾಯಿ, ವರ್ಷಕ್ಕೆ 5,400 ರೂಪಾಯಿ. ವರ್ಷಕ್ಕೆರಡು ಸಾರಿ ಪರಿಣತರನ್ನು ಕರೆಸಿ ಗದ್ದೆ ತೋಟ ತೋರಿಸಲು 3,000 ರೂಪಾಯಿ. ಸುದ್ದಿ ಸಂಗ್ರಹಿಸುವವರ ದೂರವಾಣಿ ಮತ್ತು ಓಡಾಟಕ್ಕೆ 3,000 ರೂಪಾಯಿ. ಹಾಲಿನ ಡೇರಿಯ ಮುಂದೆ ಒಂದು ಕರಿಹಲಗೆ, ಬಣ್ಣ, ಸೀಮೆಸುಣ್ಣಕ್ಕೆ 600 ರೂಪಾಯಿ. ಒಟ್ಟು 12,000 ರೂಪಾಯಿ.

ಎಲ್ಲ ಮನೆಗಳೂ ಕೊಟ್ಟರೆ ಮನೆಗೆ ವರ್ಷಕ್ಕೆ 80 ರೂಪಾಯಿ. ಎಲ್ಲರೂ ಕೊಡುವುದಿಲ್ಲ, ಮೂರರಲ್ಲಿ ಒಂದು ಪಾಲು, ಅಂದರೆ 50 ಮನೆಗಳವರು ಮಾತ್ರ ಕೊಡುತ್ತಾರೆ ಎನ್ನಿ. ಆಗ ಒಂದು ಮನೆಗೆ ಬರುವುದು ವರ್ಷಕ್ಕೆ 240, ಎಂದರೆ ತಿಂಗಳಿಗೆ 20 ರೂಪಾಯಿ. ಒಂದು ಅನಾವಶ್ಯಕ ಸಿಂಪಡಣೆ ತಪ್ಪಿದರೆ ಔಷಧಿ ಮತ್ತು ಆಳಿನ ಕೂಲಿಯಲ್ಲಿ ಇದರ ಎಷ್ಟು ಪಟ್ಟು ಉಳಿಯುತ್ತದೆ ಎಂಬುದನ್ನು ನೀವೇ ಬಲ್ಲಿರಿ. ಹನಿ ಹನಿ ಗೂಡಿದರೆ ಹಳ್ಳ, ತೆನೆ ತೆನೆ ಗೂಡಿದರೆ ಬಳ್ಳ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ವಂತಿಗೆ ಎತ್ತುವ ಕ್ರಮ

ಮಾರಿಜಾತ್ರೆಗೆ ಮನೆಮನೆಯಿಂದ ವಂತಿಗೆ ಎತ್ತುವ ರೂಢಿ ನಮಗೆ ಹೊಸದಲ್ಲ. ಆದರೆ ಬಳಗದ ವಂತಿಗೆ ಇಚ್ಛೆಯದಾದುದರಿಂದ ಅದನ್ನು ಎತ್ತುವುದರಲ್ಲಿ ಕೆಲವು ಕಟ್ಟುಪಾಡುಗಳು ಅವಶ್ಯ.

1. ಮೊದಲು ಖರ್ಚಿನ ಪಟ್ಟಿ, ಆಮೇಲೆ ವಂತಿಗೆ. ಎಷ್ಟು ಬೇಕು, ಏತಕ್ಕೆ ಬೇಕು ಎಂಬುದನ್ನು ಸಭೆಯಲ್ಲಿ ಓದಿ ಹೇಳದೆ ಹಣ ಕೇಳಬಾರದು.

2. ಕೇಳುವುದು ವರ್ಷಕ್ಕೊಮ್ಮೆ ಮಾತ್ರ. ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಇರುವಾಗ ಕೇಳಬೇಕು. ನಾಟಿ ಸಮಯದಲ್ಲಿ ಕೇಳಿದರೆ ಕೊಡುವ ಮನಸ್ಸಿದ್ದವರಿಗೂ ಸಂಕಟ.

3. ಹಣವೇ ಆಗಬೇಕೆಂದಿಲ್ಲ. ಎರಡು ಕೊಳಗ ಭತ್ತ, ಸಭೆಗೆ ಜಾಗ, ಪರಿಣತರಿಗೆ ಊಟ, ಹಾಳೆ ಹಂಚುವ ಕೆಲಸ, ಇವೂ ವಂತಿಗೆಯೇ. ಓದುಬರಹ ಬಲ್ಲ ಮಕ್ಕಳು ಅಜ್ಜ ಅಜ್ಜಿಯರಿಗೆ ಹಾಳೆ ಓದಿ ಹೇಳಿದರೆ ಅದು ಎಲ್ಲಕ್ಕಿಂತ ದೊಡ್ಡ ವಂತಿಗೆ.

4. ಹಣವನ್ನು ಒಬ್ಬರ ಜೇಬಿನಲ್ಲಿ ಇಡಬಾರದು. ಬ್ಯಾಂಕಿನಲ್ಲಿ ಇಬ್ಬರು ಮೂವರ ಜಂಟಿ ಸಹಿಯ ಖಾತೆ ಇರಲಿ. ಅವರಲ್ಲಿ ಒಬ್ಬರಾದರೂ ಹೆಣ್ಣುಮಕ್ಕಳಿರಲಿ. ಬಳಗ ದೊಡ್ಡದಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾನೂನಿನಂತೆ ನೋಂದಾಯಿಸಿಕೊಳ್ಳಬಹುದು. ಅದಕ್ಕೆ ಕನಿಷ್ಠ ಏಳು ಮಂದಿ ಸದಸ್ಯರು ಬೇಕು.

5. ಬಂದ ಹಣ, ಹೋದ ಹಣ, ಉಳಿದ ಹಣ, ಈ ಮೂರು ಸಾಲುಗಳನ್ನು ಮೂರು ತಿಂಗಳಿಗೊಮ್ಮೆ ಕರಿಹಲಗೆಯ ಮೇಲೆ ಬರೆಯಿರಿ. ಲೆಕ್ಕ ಕಂಡ ಕೈ ಇನ್ನೊಮ್ಮೆ ಕೊಡುತ್ತದೆ.

6. ಒಬ್ಬರಿಂದಲೇ ಬಹಳ ಹಣ ತೆಗೆದುಕೊಳ್ಳಬೇಡಿ. ಒಟ್ಟು ಖರ್ಚಿನಲ್ಲಿ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚನ್ನು ಯಾರಿಂದಲೂ ಪಡೆಯಬಾರದೆಂದು ನಿಯಮ ಮಾಡಿಕೊಳ್ಳಿ. 1,200 ರೂಪಾಯಿ ಕೊಟ್ಟವರಿಗೂ, 10 ರೂಪಾಯಿ ಕೊಟ್ಟವರಿಗೂ, ಏನೂ ಕೊಡದವರಿಗೂ ಸಭೆಯಲ್ಲಿ ಮಾತಿನ ತೂಕ ಒಂದೇ ಇರಬೇಕು.

7. ಒಂದು ವರ್ಷದ ಖರ್ಚಿನ ಕಾಲುಭಾಗವನ್ನು ಕೂಡಿಟ್ಟುಕೊಳ್ಳಿ. ಮಳೆ ಕೈಕೊಟ್ಟ ವರ್ಷ ವಂತಿಗೆ ಕಡಿಮೆಯಾಗುತ್ತದೆ. ತಿಳಿವಳಿಕೆಯ ಅಗತ್ಯ ಮಾತ್ರ ಆ ವರ್ಷವೇ ಹೆಚ್ಚು.

ಕೊಡದವರ ವಿಚಾರ

ಸಭೆಗಳಲ್ಲಿ ಹಿರಿಯರು ಕೇಳುವ ಪ್ರಶ್ನೆ ಒಂದಿದೆ: “ಕಾಸು ಬಿಚ್ಚದವನಿಗೂ ಯಾಕಪ್ಪ ಹೇಳ್ಬೇಕು? ನಾವು ಬಿತ್ತಿದ್ದು ಅವನು ಕೊಯ್ಯೋದಾ?”

ಪ್ರಶ್ನೆ ನ್ಯಾಯವಾದುದೇ. ಇದಕ್ಕೆ ಕೊಡಬೇಕಾದ ಉತ್ತರವೂ ನೇರವಾಗಿದೆ: “ಅಜ್ಜಾ, ಅವನ ಹೊಲದ ಹುಳ ನಮ್ಮ ಹೊಲಕ್ಕೂ ಬರುತ್ತಲ್ಲ. ಅವನಿಗೆ ಹೇಳೋದು ಅವನ ಮೇಲಿನ ಉಪಕಾರ ಮಾತ್ರ ಅಲ್ಲ.”

ನಾಟಿಯಲ್ಲಿ ಮುಯ್ಯಾಳಿನ ಪದ್ಧತಿ ನಮಗೆ ಗೊತ್ತು. ಇಂದು ನಿಮ್ಮ ಗದ್ದೆಗೆ ಒಂದು ಆಳು ಬಂದರೆ ನಾಳೆ ಅವರ ಗದ್ದೆಗೆ ಒಂದು ಆಳು ಹೋಗಬೇಕು, ಲೆಕ್ಕ ಸರಿಸಮ. ತಿಳಿವಳಿಕೆಯಲ್ಲಿ ಹೀಗೆ ತಲೆಗೆ ತಲೆ ಲೆಕ್ಕ ಹಿಡಿಯಲಾಗುವುದಿಲ್ಲ. ಇಂದು ಹಣ ಕೊಡದವರು ನಾಳೆ ತಮ್ಮ ಹೊಲದಲ್ಲಿ ಮೊದಲ ಮೊಟ್ಟೆಯ ಗುಂಪನ್ನು ಕಂಡು ಬಂದು ಹೇಳಿದರೆ ಊರಿಗೆ ಆಗುವ ಲಾಭ ಯಾವ ವಂತಿಗೆಗೂ ಕಡಿಮೆಯಲ್ಲ. ಅವರನ್ನು ಅವಮಾನ ಮಾಡಿ ದೂರವಿಟ್ಟರೆ ಆ ಸುದ್ದಿ ಬರುವುದೇ ಇಲ್ಲ.

ಆದುದರಿಂದ ಕೊಡದವರ ಹೆಸರನ್ನು ಸಭೆಯಲ್ಲಿ ಎತ್ತಬಾರದು. ಹಲಗೆಯ ಮೇಲೆ ಬರೆಯಲೇಬಾರದು. ಬೇಕಿದ್ದರೆ ದೇವಸ್ಥಾನದ ಹುಂಡಿಯಂತೆ ಮುಚ್ಚಿದ ಪೆಟ್ಟಿಗೆ ಇಡಬಹುದು. ಅದರಲ್ಲಿ ಯಾರು ಎಷ್ಟು ಹಾಕಿದರೆಂದು ಯಾರಿಗೂ ತಿಳಿಯುವುದಿಲ್ಲ; ಇಬ್ಬರ ಎದುರಿಗೆ ತೆರೆದು ಎಣಿಸಿದರಾಯಿತು.

ಹಾಗೆಂದು ಶಕ್ತಿಯಿದ್ದವರು ಸುಮ್ಮನೆ ಕೂತರೆ ಬಳಗ ಉಳಿಯದು. ಐವತ್ತು ಮನೆ ನಲವತ್ತಾಗಿ, ನಲವತ್ತು ಇಪ್ಪತ್ತಾದರೆ ಭಾರವೆಲ್ಲ ಕೆಲವೇ ಹೆಗಲ ಮೇಲೆ ಬೀಳುತ್ತದೆ. ಒಂದು ದಿನ ಅವರೂ ಕೆಳಗಿಡುತ್ತಾರೆ. ಆಗ ಊರಿಗೆ ಉಳಿಯುವುದು ಅಂಗಡಿಯವರ ಸಲಹೆ ಮಾತ್ರ. ಪುಕ್ಕಟೆ ಎಂಬ ಮಾತಿಗೆ ಯಾರೋ ಹೊರುತ್ತಿದ್ದಾರೆ ಎಂಬ ಅರ್ಥವೂ ಇದೆ. ಹೊರಬಲ್ಲವರು ತಮ್ಮ ಹೆಗಲನ್ನೂ ಸ್ವಲ್ಪ ಕೊಡಬೇಕು.

ಈಗ ಮಾಡಬೇಕಾದುದು

ನಿಮ್ಮ ಊರಿನಲ್ಲಿ ಇಂಥ ಬಳಗ ಇಲ್ಲದಿದ್ದರೆ ದೊಡ್ಡದಾಗಿ ಪ್ರಾರಂಭಿಸುವುದು ಬೇಡ. ಹತ್ತು ಮನೆಗಳವರು ಸೇರಿ, ಜನ ಓಡಾಡುವ ಜಾಗದಲ್ಲಿ ಒಂದು ಕರಿಹಲಗೆ ನಿಲ್ಲಿಸಿ. ವಾರಕ್ಕೊಮ್ಮೆ ಮೂರು ಸಂಗತಿ ಬರೆಯಿರಿ: ಈ ವಾರ ಯಾವ ಬೆಳೆಯಲ್ಲಿ ಏನು ಕಂಡಿದೆ, ಅದಕ್ಕೆ ವಿಜ್ಞಾನಿಗಳು ಹೇಳಿದ ಉಪಾಯವೇನು, ಯಾರು ಮಾಡಿ ನೋಡಿದ್ದಾರೆ. ಬರೆಯುವ ಮೊದಲು ರೈತ ಸಂಪರ್ಕ ಕೇಂದ್ರದಲ್ಲಾಗಲಿ ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ ವಿಚಾರಿಸಿ ಖಚಿತ ಮಾಡಿಕೊಳ್ಳಿ. ತಪ್ಪು ಮಾತು ಹುಳುವಿಗಿಂತ ಬೇಗ ಹರಡುತ್ತದೆ. ಒಂದು ಮುಂಗಾರು ಕಳೆಯಲಿ. ಹಲಗೆಯಿಂದ ಉಪಯೋಗ ಕಂಡವರು ಸುಗ್ಗಿಯಲ್ಲಿ ವಂತಿಗೆ ಕೇಳಿದಾಗ ಮುಖ ತಿರುಗಿಸುವುದಿಲ್ಲ.

ಬಳಗ ಈಗಾಗಲೇ ಇದ್ದರೆ ಬರುವ ಸಭೆಯಲ್ಲಿ ಖರ್ಚಿನ ಪಟ್ಟಿಯನ್ನು ಓದಿಸಿ. ನಿಮ್ಮ ಕೈಲಾದುದನ್ನು, ಹಣವಾಗಲಿ ಭತ್ತವಾಗಲಿ ಒಂದು ದಿನದ ಓಡಾಟವಾಗಲಿ, ಹೆಸರು ಬರೆಸಿ ಅಥವಾ ಬರೆಸದೆ ಕೊಡಿ. ಸಭೆಯಿಂದ ಮನೆಗೆ ಹೋಗುವ ದಾರಿಯಲ್ಲಿ, ಸಭೆಗೆ ಬಾರದ ನೆರೆಯವರ ಹೊಲದ ಬದುವಿನಲ್ಲಿ ಒಂದು ಗಳಿಗೆ ನಿಂತು, ಕೇಳಿದ್ದನ್ನು ಅವರಿಗೂ ಹೇಳಿ.

ನಿಮ್ಮ ಗ್ರಾಮಸೇವಕ